ಫರ್ಗಾನಾದಲ್ಲಿ ಕುಷ್ಟಗಿಯ ಒಂದು ಸಾಲು

ಕುಷ್ಟಗಿ

ನರ್ಸರಿಯಿಂದ ಹೊರಟ ಸಸಿ ಮುಂದೆ ಹೇಗಿದೆ ಎಂದು ನೋಡಲು ನಾವು ಹೋಗುವುದಿಲ್ಲ. ಟೆಂಪೊ ಗೇಟು ದಾಟಿತೆಂದರೆ ಅದು ಕೊಂಡವರ ಗಿಡ. ಸತ್ತರೆ ಒಂದು ಫೋನು ಬರುತ್ತದೆ, ಬದುಕಿದರೆ ಅದೂ ಇಲ್ಲ. ಹನುಮಸಾಗರದ ರಸ್ತೆಯಲ್ಲಿರುವ ನಮ್ಮ ದಾಳಿಂಬೆ ನರ್ಸರಿಯಲ್ಲಿ ನನ್ನ ತಂದೆ, ಅಂದರೆ ಅಬ್ಬಾ, ಮೊದಲಿನಿಂದ ನಡೆಸಿಕೊಂಡು ಬಂದ ರೀತಿ ಇದು. ತೋಟಗಾರಿಕೆ ಓದಿ ಬಂದ ಮೇಲೆ ನಾನೂ ಅದನ್ನು ಬದಲಿಸಲು ಹೋಗಿರಲಿಲ್ಲ. ಹಾಗಾಗಿ ನಲವತ್ತು ಸಸಿ ನೋಡಲು ಉಜ್ಬೇಕಿಸ್ತಾನಕ್ಕೆ ಹೊರಟಾಗ, ಯಾಕೆ ಎಂದು ಕೇಳಿದವರಿಗೆ ಸರಿಯಾದ ಉತ್ತರ ಕೊಡಲು ನನಗೆ ಆಗಲಿಲ್ಲ.

ನಡೆದದ್ದು ಇಷ್ಟು. ಅಲ್ಲಿನ ಕೆಲವು ಬೆಳೆಗಾರರು ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟಗಳನ್ನು ನೋಡಲು ಬಂದಿದ್ದರು. ಅವರಲ್ಲಿ ದಿಲ್ಬಾರ್ ಎಂಬ ಹೆಂಗಸು ನಮ್ಮ ಹಣ್ಣಿನ ಕಾಳನ್ನು ಬಾಯಿಗೆ ಹಾಕಿಕೊಂಡು, ಬೀಜ ಉಗುಳಲು ಕೈ ಚಾಚಿ, ಉಗುಳುವುದಕ್ಕೆ ಏನೂ ಇಲ್ಲವೆಂದು ಗೊತ್ತಾಗಿ ನಿಂತಲ್ಲೇ ನಿಂತಳು. ಅವರ ಸೀಮೆಯ ಹಣ್ಣಿನ ಬೀಜ ಗಟ್ಟಿಯಂತೆ. ಅವಳ ತಂದೆಯ ಹಲ್ಲುಗಳೆಲ್ಲ ಹೋಗಿ, ಜೀವನವಿಡೀ ದಾಳಿಂಬೆ ಬೆಳೆದ ಮನುಷ್ಯ ಈಗ ಅದರ ರಸವನ್ನು ಮಾತ್ರ ಕುಡಿಯುತ್ತಾನಂತೆ. ಮರುವರ್ಷ ಬೇಕಾದ ಕಾಗದಪತ್ರಗಳನ್ನೆಲ್ಲ ಮಾಡಿಸಿ, ಬೇರಿನ ಮಣ್ಣು ತೊಳೆದು, ನಲವತ್ತು ಸಸಿಗಳನ್ನು ನಾವು ಕಳಿಸಿದೆವು. ಜೊತೆಗೆ ಸಸಿ ನೋಡಿಕೊಳ್ಳುವ ಬಗೆಯನ್ನು ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದೆವು. ಬರೆದವಳು ನಾನು. ಕೆಳಗೆ ಹೆಸರು ಹಾಕಿರಲಿಲ್ಲ.

ಮೊದಲ ಚಳಿಗಾಲ ಮುಗಿದಾಗ ದಿಲ್ಬಾರ್ ಕಳಿಸಿದ ಚಿತ್ರದಲ್ಲಿ ನಲವತ್ತು ಕಪ್ಪು ಕಡ್ಡಿಗಳಿದ್ದವು. ಆರು ಪೂರ್ತಿ ಸತ್ತಿದ್ದವು. ಉಳಿದವು ಬುಡದಿಂದ ಮತ್ತೆ ಚಿಗುರಿದವು. ಈ ಎರಡನೆಯ ಚಳಿಗಾಲದಲ್ಲೂ ಹೀಗೇ ಆದರೆ ಅಪ್ಪ ಆ ಸಾಲನ್ನು ಕಿತ್ತುಹಾಕಿ ತನ್ನ ಗಿಡ ನೆಡುತ್ತಾನೆ, ಅದಕ್ಕೆ ಮೊದಲು ಒಮ್ಮೆ ಬಂದು ನೋಡು ಎಂದು ಬರೆದಿದ್ದಳು.

ನಮ್ಮಲ್ಲಿ ಗೂಟಿ ಕಟ್ಟುವವಳು ಹನುಮಕ್ಕ. ಟೊಂಗೆಯ ಸಿಪ್ಪೆಯನ್ನು ಉಂಗುರದಷ್ಟು ತೆಗೆದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆ ಬಿಗಿದು ಬೇರು ಬರಿಸುವ ಕೆಲಸ. ಆ ನಲವತ್ತನ್ನೂ ಕಟ್ಟಿದ್ದು ಅವಳೇ. ನನ್ನ ಬ್ಯಾಗು ನೋಡಿ ಕೇಳಿದಳು.

"ಗಿಡ ಸತ್ತಾವಂತಲ್ಲ, ಮಣ್ಣಿಗೆ ಹೊಂಟೀ ಏನ್ ತಂಗಿ?"

ನಮ್ಮ ಕಡೆ ಸಾವಿನ ಮನೆಗೆ ಹೋಗುವುದಕ್ಕೆ ಹಾಗೆ ಹೇಳುತ್ತಾರೆ.

"ಪೂರಾ ಸತ್ತಿಲ್ಲ ಹನುಮಕ್ಕ. ಥಂಡಿ ತಡಕೊಳ್ಳಾಕ ಆಗವಲ್ದು."

"ಎಂಥ ಥಂಡಿ?"

"ನೀರು ಕಲ್ಲಾಗೋವಷ್ಟು."

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಗಂಗಾವತಿ ಕಾಲವಿ ದಂಡಿ ಮ್ಯಾಲ ಬೆಳಸಿದ ಸಸಿ ತಂದು ಯಲಬುರ್ಗಾದ ಗರಸಿನ್ಯಾಗ ಹಚ್ಚಿದ್ರ ಎಂಟ ದಿನಕ್ಕ ಬಾಯಿ ಬಿಡತಾವು. ಎರಡೂ ನಮ್ಮ ಜಿಲ್ಲಾನ. ನೀ ನೋಡಿದ್ರ ದೇಶಾನ ದಾಟಿಸೀದಿ."

ಈ ಮಾತನ್ನು ನಾನು ಹಿಂದೆಯೂ ಕೇಳಿದ್ದೆ. ಕಾಲೇಜಿನಲ್ಲಿ ಇದನ್ನೇ ಬೇರೆ ಪದಗಳಲ್ಲಿ ಓದಿ ಪರೀಕ್ಷೆ ಬರೆದಿದ್ದೆ. ಓದಿದ್ದನ್ನೂ ಕೇಳಿದ್ದನ್ನೂ ಒಂದೇ ಕಡೆ ಇಟ್ಟು ನೋಡಿರಲಿಲ್ಲ.

ತಾಷ್ಕೆಂಟ್

ಗಂಗಾವತಿಯಲ್ಲಿ ಕೊಂಡ ಸ್ವೆಟರು ತಾಷ್ಕೆಂಟಿನ ವಿಮಾನ ನಿಲ್ದಾಣದ ಬಾಗಿಲಿನಾಚೆ ಕೆಲಸಕ್ಕೆ ಬರಲಿಲ್ಲ. ನವೆಂಬರ್ ಮೊದಲ ವಾರ. ಮರಗಳೆಲ್ಲ ಹಳದಿ. ಎಲೆ ಇಷ್ಟು ಶಿಸ್ತಿನಿಂದ ಉದುರುವುದನ್ನು ನಾನು ನೋಡಿರಲಿಲ್ಲ. ನಮ್ಮಲ್ಲಿ ಬೇವು ಉದುರಿಸುವಾಗಲೇ ಅರಳಿ ಚಿಗುರುತ್ತಿರುತ್ತದೆ. ಇಲ್ಲಿ ಇಡೀ ಊರಿಗೆ ಒಂದೇ ಆದೇಶ ಬಂದ ಹಾಗಿತ್ತು.

ಟಿವಿಯಲ್ಲಿ ಹವಾಮಾನದ ಸುದ್ದಿಗೆ 'ಓಬ್-ಹವೋ' ಎಂದು ಬರೆದಿತ್ತು. ನಮ್ಮ ಮನೆಯಲ್ಲಿ ಅಜ್ಜಿ ಯಾರಾದರೂ ಊರು ಬಿಟ್ಟು ಹೋಗಿ ಸೊರಗಿ ಬಂದರೆ, ಅಲ್ಲಿನ ಆಬ್-ಹವಾ ಒಗ್ಗಲಿಲ್ಲ ಎನ್ನುತ್ತಿದ್ದಳು. ಅಂದರೆ ನೀರು ಮತ್ತು ಗಾಳಿ. ಅವಳ ಆ ಮಾತು ಇಷ್ಟು ದೂರದಲ್ಲಿ ಟಿವಿಯ ಕೆಳಸಾಲಿನಲ್ಲಿ ಓಡುತ್ತಿರುವುದು ನೋಡಿ ಸ್ವಲ್ಪ ಧೈರ್ಯ ಬಂತು.

ಆ ಧೈರ್ಯದಿಂದಲೇ ಎರಡು ತಪ್ಪು ಮಾಡಿದೆ. ಊಟದ ಹೋಟೆಲಿನಲ್ಲಿ ದುಂಡನೆಯ ರೊಟ್ಟಿ ತಂದಿಟ್ಟರು, ಮಧ್ಯೆ ಹೂವಿನಂಥ ಅಚ್ಚು. ಒಂದು ತುಂಡು ಮುರಿದು ಉಳಿದದ್ದನ್ನು ಮಗುಚಿ ಇಟ್ಟೆ. ಬಡಿಸುತ್ತಿದ್ದ ಮುದುಕಿ ಮಾತಾಡದೆ ಬಂದು ಅದನ್ನು ಅಂಗಾತ ಮಾಡಿ, ನನ್ನ ಭುಜ ತಟ್ಟಿ ಹೋದಳು. ರೊಟ್ಟಿಯನ್ನು ಬೋರಲು ಹಾಕುವುದು ಇಲ್ಲಿ ದೊಡ್ಡ ಅವಮಾನ ಎಂದು ಆಮೇಲೆ ತಿಳಿಯಿತು.

ಇನ್ನೊಂದು ದಾರಿಯಲ್ಲಿ. ಫರ್ಗಾನಾ ಕಣಿವೆಗೆ ಹೋಗುವ ಘಾಟಿಯ ಮೇಲೆ ನಾಲ್ಕು ಜನ ಹಂಚಿಕೊಂಡ ಬಾಡಿಗೆ ಕಾರು ನಿಂತಾಗ, ರಸ್ತೆಬದಿಯ ಬುಟ್ಟಿಗಳಲ್ಲಿ ಬಿಳಿ ಉಂಡೆಗಳಿದ್ದವು. ಜೊತೆಗೆ ಕುಳಿತಿದ್ದ ಹೆಂಗಸು ಒಂದನ್ನು ಕೊಟ್ಟಳು. ನಮ್ಮ ಕಡೆಯ ಪೇಢೆ ಮನಸ್ಸಿನಲ್ಲಿದ್ದದ್ದರಿಂದ ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಮೊಸರನ್ನು ಒಣಗಿಸಿ, ಉಪ್ಪು ಹಾಕಿ, ಕಲ್ಲಾಗಿಸಿದ ಉಂಡೆ ಅದು. ಅಂಚಿನಿಂದ ಕೆರೆದು ಗಂಟೆಗಟ್ಟಲೆ ತಿನ್ನಬೇಕಾದದ್ದು. ಉಗುಳಲು ನಾಚಿಕೆ, ಕಡಿಯಲು ಹಲ್ಲು ಸಾಲದು. ಘಾಟಿ ಇಳಿದು ಬಯಲು ಕಾಣುವ ತನಕ ನಾನು ಯಾರೊಂದಿಗೂ ಮಾತಾಡಲಿಲ್ಲ. ಅವರೆಲ್ಲ ನನ್ನನ್ನು ಬಹಳ ಗಂಭೀರ ಹುಡುಗಿ ಎಂದುಕೊಂಡಿರಬೇಕು.

ಕಣಿವೆಯ ಹಳ್ಳಿ

ದಿಲ್ಬಾರ್ ನನ್ನ ಸ್ವೆಟರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಒಳಗಿನಿಂದ ಹತ್ತಿ ತುಂಬಿದ ಉದ್ದ ನಿಲುವಂಗಿ ತಂದು ತೊಡಿಸಿದಳು. ನಲವತ್ತು ದಾಟಿದ ಗಟ್ಟಿ ಹೆಂಗಸು. ಅವಳನ್ನು ಎಲ್ಲರೂ ಓಪಾ ಎನ್ನುತ್ತಾರೆ, ಅಂದರೆ ಅಕ್ಕ. ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿ ಅವಳದು, ಮನೆಯಲ್ಲಿ ಆಡುವ ದಖನಿ ಉರ್ದು ನನ್ನದು. ಎರಡೂ ಸೇರಿ ನಮಗೆ ಸಾಕಾಗುವಷ್ಟು ಭಾಷೆಯಾಗುತ್ತಿತ್ತು. ಅವಳ ಮಾತನ್ನು ನಾನು ಮನಸ್ಸಿನಲ್ಲಿ ಕುಷ್ಟಗಿಯ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಿದ್ದೆ. ಇಲ್ಲೂ ಹಾಗೇ ಬರೆಯುತ್ತೇನೆ, ಬೇರೆ ಥರ ಬರೆದರೆ ಅದು ಅವಳ ಮಾತು ಅನಿಸುವುದಿಲ್ಲ.

ಅವಳ ತಂದೆ ಹಾಶಿಮ್. ಹಿರಿಯರಿಗೆ ಇಲ್ಲಿ ಓತಾ ಎನ್ನುತ್ತಾರೆ. ಎತ್ತರದ ಮನುಷ್ಯ, ಕಪ್ಪು ಟೋಪಿ, ಒಳಗೆ ಹೋದ ಕೆನ್ನೆ. ಚಹಾ ತಾವೇ ಸುರಿದು ಕೊಟ್ಟರು. ಹಿಡಿಯಿಲ್ಲದ ಪಿಂಗಾಣಿ ಬಟ್ಟಲಿನ ತಳದಲ್ಲಿ ಎರಡೇ ಗುಟುಕು. ಕುಡಿದೆ. ಮತ್ತೆ ಎರಡು ಗುಟುಕು. ನಮ್ಮ ಮನೆಯಲ್ಲಿ ಬಂದವರಿಗೆ ಕೆಳಗಿನ ಬಸಿಗೆ ಚೆಲ್ಲುವಷ್ಟು ಕಪ್ಪು ತುಂಬಿ ಕೊಡುತ್ತಾರೆ. ಐದನೆಯ ಸಲ, ಮುದುಕರಿಗೆ ಮೇಲಿಂದ ಮೇಲೆ ಏಳುವ ತೊಂದರೆ ಬೇಡವೆಂದು, ತುಂಬಿಸಿಬಿಡಿ ಎಂದು ಕೈಸನ್ನೆ ಮಾಡಿದೆ. ಓತಾ ಕೆಟಲಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ದಿಲ್ಬಾರ್ ಸೆರಗಿನಂಥ ತಲೆವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ತುಂಬಿ ಕೊಟ್ರ, ಕುಡಿದು ಎದ್ದು ಹೋಗು ಅಂದಂಗ. ಕಡಿಮಿ ಕೊಟ್ರ, ಮತ್ತ ಮತ್ತ ಕೇಳು, ಕುಂದರು ಅಂತ. ಬಂದ ದಿನಾನ ಹೊಂಟೀ ಏನ್ ನೀ?"

ಓತಾ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಪ್ರಯಾಣದ್ದಲ್ಲ. ದಿಲ್ಬಾರ್ ಅದನ್ನು ದಾಟಿಸಿದಳು. "ಆ ಗಿಡಗಳ ತಾಯಿ ಎಲ್ಲಿ ನಿಂತಿತ್ತು ಅಂತ ಕೇಳಾಕತ್ಯಾರ."

ನಾನು ತಳಿಯ ಹೆಸರು ಹೇಳಿದೆ. ಓತಾ ತಲೆಯಾಡಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರು. ಆಗ ನಮ್ಮ ನರ್ಸರಿಯ ಹಿಂದಿನ ಹರಳುಗಲ್ಲು ಬೆರೆತ ಕೆಂಪು ಗರಸು ಮಣ್ಣು, ಅಲ್ಲಿನ ತಾಯಿಗಿಡಗಳ ಸಾಲು ನೆನಪಾಗಿ ವಿವರಿಸಿದೆ. ಅಲ್ಲಿ ಅತಿ ಚಳಿಯ ದಿನ ಎಷ್ಟು ಚಳಿ ಎಂದರು. ಒಂದು ಚಾದರ ಹೊದೆಯುವಷ್ಟು ಎಂದೆ. ಅವರು ನಗಲಿಲ್ಲ. ಮಗಳ ಕಡೆ ತಿರುಗಿ ಏನೋ ಹೇಳಿದರು. ಅದನ್ನು ದಿಲ್ಬಾರ್ ನನಗೆ ದಾಟಿಸಲಿಲ್ಲ.

ಎರಡನೆಯ ದಿನ

ತೋಟದ ಬಾಗಿಲ ಬಳಿ ಓತಾ ಕಡ್ಡಿ ನೆಟ್ಟು ಸಸಿ ಮಾಡುವ ಸಣ್ಣ ಪಾತಿಯಿದೆ. ಪ್ರತಿ ಸಾಲಿನ ತಲೆಗೂ ಒಂದು ಮರದ ಚಕ್ಕೆ. ನಾನು ತಳಿಯ ಹೆಸರುಗಳಿರಬಹುದೆಂದು ಬಗ್ಗಿದೆ. ದಿಲ್ಬಾರ್ ಓದಿ ಹೇಳಿದಳು: ಮೇಲಿನ ಹಳ್ಳಿ, ಮಸೀದಿಯ ಗೋಡೆಯ ನೆರಳು. ಗುಡ್ಡದ ಬೆನ್ನು, ಉತ್ತರಕ್ಕೆ ಮುಖ. ಹೊಳೆಯಾಚೆ, ತಗ್ಗು. ಒಂದು ಚಕ್ಕೆ ಖಾಲಿ ನೆಲದಲ್ಲಿ ನಿಂತಿತ್ತು. ಅದು ದಕ್ಷಿಣದ ಬಿಸಿ ಸೀಮೆಯಿಂದ ತಂದದ್ದಂತೆ. ಇದೇ ದೇಶ, ಇದೇ ತಳಿ, ಮೊದಲ ಚಳಿಗೇ ಹೋಯಿತು. ಚಕ್ಕೆ ಕೀಳದೆ ಬಿಟ್ಟಿದ್ದಾರೆ, ಮತ್ತೆ ತರಬಾರದೆಂದು ನೆನಪಿಗೆ.

ನಮ್ಮ ನರ್ಸರಿಗೆ ಬರುವವರು ತಳಿ ಯಾವುದು, ದರ ಎಷ್ಟು ಎಂದು ಕೇಳುತ್ತಾರೆ. ತಾಯಿ ಎಲ್ಲಿ ನಿಂತಿತ್ತು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಎಷ್ಟು ಸಸಿಗಳಿಗೆ ನನ್ನ ಬಳಿ ಉತ್ತರ ಇರುತ್ತಿತ್ತು ಎಂದು ಲೆಕ್ಕ ಹಾಕುತ್ತಾ ನಡೆದೆ.

ಆಮೇಲೆ ತೋಟ. ನೂರಾರು ಗಿಡಗಳು ಎಲೆ ಉದುರಿಸಿ ನಿಂತಿದ್ದವು. ಬುಡದಲ್ಲಿ ಹಳದಿ ಹಾಸು. ಆ ಹಳದಿಯ ನಡುವೆ ಒಂದೇ ಒಂದು ಸಾಲು ಹಚ್ಚಗೆ. ತುದಿಗಳಲ್ಲಿ ಕೆಂಪು ಚಿಗುರು ಬೇರೆ. ಅದು ಯಾರ ಸಾಲು ಎಂದು ಕೇಳಬೇಕಾಗಿರಲಿಲ್ಲ. ಎಲ್ಲರೂ ಹತ್ತಿಯ ನಿಲುವಂಗಿ ತೊಟ್ಟ ಊರಿನಲ್ಲಿ ಅದು ಗಂಗಾವತಿಯ ಸ್ವೆಟರು ಹಾಕಿಕೊಂಡು ಬಂದಿತ್ತು.

"ನೋಡು, ಎಷ್ಟು ಛಲೋ ಬೆಳದಾವು," ಎಂದಳು ದಿಲ್ಬಾರ್. ಅವಳಿಗೆ ಹೆಮ್ಮೆ. "ಹೋದ ವರ್ಷಾನೂ ಹಿಂಗಽ ಇದ್ದವು. ನಾನಽ ಮಣ್ಣು ಮುಚ್ಚೂದರಾಗ ಏನೋ ತಪ್ಪಿದೆ."

ಇಲ್ಲಿ ದಾಳಿಂಬೆಯನ್ನು ಚಳಿಗಾಲದಲ್ಲಿ ಮಣ್ಣಿನಲ್ಲಿ ಹೂಳುತ್ತಾರೆ. ಗಿಡವನ್ನು ಒಂದೇ ಕಾಂಡಕ್ಕೆ ಬಿಡದೆ ಪೊದೆಯಾಗಿ, ಒಂದು ಕಡೆಗೆ ವಾಲಿಸಿ ಬೆಳೆಸುವುದೇ ಇದಕ್ಕಾಗಿ. ನವೆಂಬರಿನಲ್ಲಿ ಪೊದೆಯನ್ನು ಬಗ್ಗಿಸಿ, ಕಟ್ಟಿ, ನೆಲಕ್ಕೆ ಮಲಗಿಸಿ ಮೇಲೆ ಮಣ್ಣು ಎಳೆಯುತ್ತಾರೆ. ಮಾರ್ಚಿನಲ್ಲಿ ತೆಗೆಯುತ್ತಾರೆ. ಅಷ್ಟು ದಿನ ತೋಟವೆಂದರೆ ಬರೀ ದಿಬ್ಬಗಳು.

ಮಧ್ಯಾಹ್ನ ತೋಟದ ಕೋಣೆಯಲ್ಲಿ ರೊಟ್ಟಿ ತಿನ್ನುವಾಗ ಗೋಡೆಯ ಮೇಲೆ ನನ್ನ ಹಾಳೆ ಕಂಡಿತು. ಪ್ಲಾಸ್ಟಿಕ್ ಹೊದಿಸಿ ನಾಲ್ಕು ಮೊಳೆ ಹೊಡೆದಿದ್ದರು. ಪಕ್ಕದಲ್ಲಿ ಯಾರೋ ಮಾಡಿಕೊಟ್ಟ ಉಜ್ಬೆಕ್ ಅನುವಾದ, ಪ್ರತಿ ಸಾಲಿನ ಮುಂದೆ ದಿಲ್ಬಾರ್ ಹಾಕಿದ ಸರಿ ಗುರುತು. ಕೆಳಗಿನಿಂದ ಮೂರನೆಯ ಸಾಲಿನಲ್ಲಿ ಹೀಗಿತ್ತು: ಸೆಪ್ಟೆಂಬರ್ ಕೊನೆಗೆ ಗೊಬ್ಬರ ಕೊಟ್ಟು ಚೆನ್ನಾಗಿ ನೀರು ಹಾಯಿಸಿ, ಡಿಸೆಂಬರ್‌ವರೆಗೆ ಮಣ್ಣು ಒಣಗಲು ಬಿಡಬೇಡಿ.

ಕುಷ್ಟಗಿಯಲ್ಲಿ ಅದು ಸರಿ. ಮಳೆ ಹಿಂದೆ ಸರಿದ ಮೇಲೆ ಹಸ್ತದ ಹಂಗಾಮಿನ ಹೂವಿಗೆ ಗಿಡ ಎಬ್ಬಿಸುವ ಕಾಲ ಅದು. ಕಾಲೇಜು ಮುಗಿಸಿ ಬಂದವಳು, ತಿಂಗಳ ಹೆಸರು ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ ಎಂದುಕೊಂಡಿದ್ದೆ. ಆ ತಿಂಗಳು ಇಲ್ಲಿ ಹೇಗಿರುತ್ತದೆ ಎಂದು ಯೋಚಿಸಿರಲಿಲ್ಲ. ನಿದ್ದೆಗೆ ಜಾರಬೇಕಾದ ಗಿಡವನ್ನು ನಾನು ಕುಷ್ಟಗಿಯಿಂದ ಅಲ್ಲಾಡಿಸಿ ಎಬ್ಬಿಸಿದ್ದೆ. ಅದೂ ಎರಡು ವರ್ಷ.

ರೊಟ್ಟಿಯನ್ನು ಅಂಗಾತ ಇಟ್ಟು ಎದ್ದೆ.

ಮೂರನೆಯ ದಿನ

ತಪ್ಪು ಗೊತ್ತಾಗಿತ್ತು, ಪರಿಹಾರ ಗೊತ್ತಿರಲಿಲ್ಲ. ಓತಾ ತಮ್ಮ ಸಾಲುಗಳನ್ನು ಹೂಳಲು ಸುರು ಮಾಡಿದ್ದರು. ಹಚ್ಚಗಿರುವ ಗಿಡವನ್ನು ಹಾಗೇ ಹೂತರೆ ಎಳೆ ಟೊಂಗೆ ಮಣ್ಣಿನಲ್ಲಿ ಕೊಳೆಯುತ್ತದೆ, ಹೋದ ವರ್ಷ ಆದದ್ದೂ ಅದೇ. ಹೂಳದಿದ್ದರೆ ಹಿಮ ಸುಡುತ್ತದೆ. ಬೆಳಿಗ್ಗೆ ಹನುಮಕ್ಕನಿಗೆ ವಿಡಿಯೊ ಕರೆ ಮಾಡಿದೆ. ಅಲ್ಲಿ ಆಗಲೇ ಬಿಸಿಲು ಏರಿತ್ತು. ಅವಳು ಹಣೆಯ ಮೇಲೆ ಕೈಯಿಟ್ಟು ಫೋನಿನೊಳಗೆ ಬಗ್ಗಿ ನೋಡಿದಳು.

"ಅಯ್ಯ, ಜೀವ ಇದ್ದದ್ದನ್ನ ಮಣ್ಣು ಮಾಡಾಕತ್ಯಾರಲ್ಲ ಆ ಅಜ್ಜಾರು."

"ಚಳಿಗೆ ಹೊಚ್ಚೂದು ಹನುಮಕ್ಕ. ನಮ್ಮ ಸಾಲು ನೋಡು."

ಅವಳು ಸಾಲನ್ನು ಬಹಳ ಹೊತ್ತು ನೋಡಿದಳು. "ಇವು ಯಾಕ ಎಚ್ಚರ ಅದಾವು? ಬಾಜೂಕಿನವೆಲ್ಲ ಮಲಗ್ಯಾವು."

"ನೀರು ಕೊಟ್ಟಾರ."

"ಯಾರು ಹೇಳಿದ್ದು ನೀರು ಕೊಡಾಕ?"

ನಾನು ಫೋನನ್ನು ಮತ್ತೆ ಗಿಡಗಳ ಕಡೆ ತಿರುಗಿಸಿದೆ. ಅವಳು ಎರಡನೆಯ ಸಲ ಕೇಳಲಿಲ್ಲ. ಅವಳ ತವರು ಕಾಲುವೆಯ ಸೀಮೆಯಲ್ಲಿ, ನೀರು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವ ಕಟ್ಟಕಡೆಯ ಊರು. ಬೆಳೆ ನೋಡುವಾಗ ಅವಳು ಮೊದಲು ನೋಡುವುದು ನೀರು ಕೊನೆಗೆ ಮುಟ್ಟುವ ಬಾಲ.

"ನೀರು ಯಾ ಕಡಿಂದ ಬರತೈತಿ?" ಬಾಗಿಲ ಬಳಿಯ ಕಾಲುವೆ ತೋರಿಸಿದೆ. "ಹಂಗಾರ ಆ ಕಡೀ ತುದಿ ತೋರ್ಸು. ನೀರು ಮುಟ್ಟದ ತುದಿ."

ಫೋನು ಹಿಡಿದು ಸಾಲಿನ ಆ ಕೊನೆಗೆ ನಡೆದೆ. ಎರಡು ದಿನದಿಂದ ಆ ಸಾಲನ್ನು ಬಾಗಿಲ ಕಡೆಯಿಂದಲೇ ನೋಡುತ್ತಿದ್ದೆನೆಂದು ಆಗ ಗೊತ್ತಾಯಿತು. ನೆಲ ಅಲ್ಲಿ ಸ್ವಲ್ಪ ಏರು. ಕೊನೆಯ ಹನ್ನೊಂದು ಗಿಡಗಳು ಗಿಡ್ಡ, ಸೊರಗಿದವು. ಎಲೆ ಹಳದಿಗೆ ತಿರುಗಿತ್ತು, ಅರ್ಧ ಉದುರಿತ್ತು. ಟೊಂಗೆ ಕಂದು ಬಣ್ಣಕ್ಕೆ ಬಂದು ಗಟ್ಟಿಯಾಗಿತ್ತು.

"ನೋಡಿದೇನ," ಎಂದಳು ಹನುಮಕ್ಕ. "ನಮ್ಮ ಗಿಡಕ್ಕ ಥಂಡಿ ಅಂದ್ರ ಏನು ಗೊತ್ತು? ಅದಕ್ಕ ಮಲಗೂದು ನೀರಡಿಕಿ ಕಲಿಸಿದ್ದು. ನೀರು ಬಂದ್ ಮಾಡ್ರಿ. ಎಳೀ ತುದಿ ಚಿವುಟ್ರಿ. ಎಲೀ ಉದುರಿದ ಮ್ಯಾಲ ಕಡೀಕ ಹೂಳ್ರಿ."

ಇಷ್ಟೇ. ನಮ್ಮಲ್ಲಿ ವರ್ಷಕ್ಕೊಮ್ಮೆ ನೀರು ನಿಲ್ಲಿಸಿ ಗಿಡವನ್ನು ಬಾಡಿಸುವುದು, ಎಲೆ ಉದುರಿಸುವುದು, ಆಮೇಲೆ ನೀರು ಬಿಟ್ಟು ಹೂ ಬರಿಸುವುದು ಎಲ್ಲರೂ ಮಾಡುವ ಕೆಲಸ. ಚಳಿಗಾಲವಿಲ್ಲದ ಸೀಮೆಯಲ್ಲಿ ನಾವೇ ಬಾಯಾರಿಸಿ ಮಾಡಿಕೊಂಡ ಚಳಿಗಾಲ ಅದು. ನಾನು ಅದನ್ನು ಹೂವಿನ ಲೆಕ್ಕದಲ್ಲಿ ಮಾತ್ರ ತಿಳಿದಿದ್ದೆ.

ಅದೇ ದಿನದ ಚಹಾ

ನೀರು ನಿಲ್ಲಿಸಬೇಕೆಂದರೆ ಯಾಕೆ ಎಂದು ಹೇಳಬೇಕು. ಹಾಳೆಯಲ್ಲಿ ಹಾಗೆ ಬರೆದಿಲ್ಲವಲ್ಲ ಎಂದು ದಿಲ್ಬಾರ್ ಕೇಳಿಯೇ ಕೇಳುತ್ತಾಳೆ. ಅನುವಾದ ತಪ್ಪಾಗಿದೆ ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ಮೇಲೆ ಬಂದಿತ್ತು ಕೂಡ. ಆದರೆ ಅನುವಾದ ಮಾಡಿದವನು ನನ್ನ ಒಂದು ತಿಂಗಳನ್ನೂ ಅತ್ತಿತ್ತ ಮಾಡಿರಲಿಲ್ಲ.

ಚಹಾದ ಹೊತ್ತಿಗೆ ಗೋಡೆಯ ಹಾಳೆಯನ್ನು ಬಿಡಿಸಿ ತಂದು ಮೇಜಿನ ಮೇಲಿಟ್ಟೆ. ಕೆಳಗಿನಿಂದ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು, ಇದು ನಮ್ಮೂರಿಗೆ ಸರಿ, ನಿಮ್ಮೂರಿಗೆ ತಪ್ಪು, ಗಿಡ ಸುಟ್ಟದ್ದು ಇದರಿಂದ, ಬರೆದವಳು ನಾನು ಎಂದೆ. ಅಷ್ಟು ಸಣ್ಣ ವಾಕ್ಯಗಳನ್ನು ಹೇಳಲು ನನಗೆ ಅಷ್ಟು ಹೊತ್ತು ಹಿಡಿದದ್ದು ಭಾಷೆಯಿಂದಲ್ಲ.

ದಿಲ್ಬಾರ್ ಹಾಳೆಯನ್ನೇ ನೋಡಿದಳು. ತಾನು ಹಾಕಿದ ಸರಿ ಗುರುತುಗಳ ಮೇಲೆ ಅವಳ ಕಣ್ಣು ಒಂದೊಂದಾಗಿ ಇಳಿಯಿತು. "ಎರಡು ವರ್ಷ ಅಪ್ಪನ ಕೂಡ ಜಗಳಾಡೇನಿ," ಎಂದಳು. "ಸೆಪ್ಟೆಂಬರ್‌ನ್ಯಾಗ ನೀರು ಬ್ಯಾಡ ಅಂದ್ರು. ಹಾಳ್ಯಾಗ ಐತಿ ಅಂದೆ. ಹಾಳಿ ಬರದವರು ಓದಿದವರು ಅಂದೆ."

ನಂತರ ತಂದೆಗೆ ಹೇಳಿದಳು. ಹೇಳುವುದು ಮುಗಿಯುವ ತನಕ ಓತಾ ರೊಟ್ಟಿಯನ್ನು ಚಹಾದಲ್ಲಿ ಅದ್ದುತ್ತಾ ಕುಳಿತಿದ್ದರು. ಮುಗಿದ ಮೇಲೆ ಕೈ ಚಾಚಿ ನನ್ನ ಬಟ್ಟಲು ತೆಗೆದುಕೊಂಡರು. ಕೆಟಲಿ ಎತ್ತಿದರು. ನಾನು ಬಟ್ಟಲನ್ನೇ ನೋಡುತ್ತಿದ್ದೆ. ಚಹಾ ಬೀಳುವ ಸದ್ದು ಕೇಳಿತು, ನಿಂತಿತು.

ಎರಡು ಗುಟುಕು.

ಆಮೇಲೆ ಅವರು ಮಾತಾಡಿದರು. ದಿಲ್ಬಾರ್ ಮುಖ ಗಂಟಿಕ್ಕಿಕೊಂಡೇ ದಾಟಿಸಿದಳು. "ಗಿಡಾನ ಬಯ್ಯಾಕತ್ತಿದ್ದೆ, ತಪ್ಪಾತು ಅಂತಾರ. ಸಾಲು ಕಡೀಕ ಹೂಳೂಣಂತ. ಎಂಟು ದಿನ ಕಾಯ್ತಾರಂತ. ಆದ್ರ ಹಿಮ ಜೋರ್ ಬಿದ್ರ ನನ್ನ ಕೇಳಬ್ಯಾಡ್ರಿ ಅಂತಾರ. ಮತ್ತ..." ಇಲ್ಲಿ ಅವಳಿಗೂ ನಗು ಬಂತು. "ಹೂಳಾಕ ಹಾಳಿ ಬರದಾಕಿನಽ ಬರಬೇಕಂತ, ಸಲಿಕಿ ತಗೊಂಡು."

ಹನ್ನೊಂದನೆಯ ದಿನ

ಎಂಟು ದಿನ ನಾನು ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯ ಗಾಜು ನೋಡುತ್ತಿದ್ದೆ. ಎರಡು ಬೆಳಿಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಇತ್ತು. ಕೆಂಪು ಚಿಗುರುಗಳನ್ನು ನಾವು ಮೊದಲೇ ಚಿವುಟಿದ್ದೆವು. ಉಳಿದ ಎಲೆಗಳ ಅಂಚು ಕಪ್ಪಾಯಿತು. ನೀರು ನಿಲ್ಲಿಸಿದ ನಾಲ್ಕನೆಯ ದಿನ ಸಾಲಿನ ನಡುವಿನ ಗಿಡಗಳು ತಿಳಿಯಾಗಿ ಹಳದಿಗೆ ಹೊರಳಿದವು. ಕಾಲುವೆಯ ಪಕ್ಕದವು ಕೊನೆಯವರೆಗೂ ಹಟ ಬಿಡಲಿಲ್ಲ.

ಹೂಳುವ ಕೆಲಸ ಇಬ್ಬರದು. ಒಬ್ಬರು ಪೊದೆಯನ್ನು ತಬ್ಬಿ ವಾಲಿದ ಕಡೆಗೇ ಬಗ್ಗಿಸಬೇಕು, ಇನ್ನೊಬ್ಬರು ಮಣ್ಣು ಎಳೆಯಬೇಕು. ಬಲ ಜಾಸ್ತಿಯಾದರೆ ಬುಡದಲ್ಲಿ ಸೀಳುತ್ತದೆ, ಕಡಿಮೆಯಾದರೆ ಸಿಡಿದೇಳುತ್ತದೆ. ನನ್ನ ಮೊದಲ ಗಿಡ ಸಿಡಿದು ನಿಲುವಂಗಿಯ ತೋಳು ಹರಿಯಿತು. ಎರಡನೆಯದಕ್ಕೆ ಓತಾ ಬಂದು ನನ್ನ ಮೊಣಕಾಲನ್ನು ಎಲ್ಲಿ ಊರಬೇಕು ಎಂದು ಸಲಿಕೆಯ ಹಿಡಿಯಿಂದ ತೋರಿಸಿದರು. ಮಣ್ಣು ತಣ್ಣಗಿತ್ತು, ಬೂದು ಬಣ್ಣ, ಒಂದೂ ಕಲ್ಲಿಲ್ಲ. ಕುಷ್ಟಗಿಯ ಗರಸಿನಲ್ಲಿ ಹೀಗೆ ಎಳೆದರೆ ಸಲಿಕೆ ಕಿಡಿ ಹಾರಿಸುತ್ತದೆ.

ಕೊನೆಯ ಹನ್ನೊಂದು ಗಿಡಗಳು ತಾವಾಗಿಯೇ ಬಗ್ಗಿದವು ಎನ್ನಿಸುವಷ್ಟು ಸುಲಭವಾಗಿ ಮಲಗಿದವು. ಅವುಗಳ ಮೇಲೆ ಹುಲ್ಲು ಹಾಸಿ, ಎರಡರಷ್ಟು ಮಣ್ಣು ಹಾಕಿದೆ. ಸಂಜೆಯ ಹೊತ್ತಿಗೆ ತೋಟದಲ್ಲಿ ಗಿಡವೆಂಬುದೇ ಇರಲಿಲ್ಲ, ಬರೀ ದಿಬ್ಬ. ಯಾವ ದಿಬ್ಬ ಯಾರದೆಂದು ಹೇಳಲು ಆಗುತ್ತಿರಲಿಲ್ಲ.

ಹೊರಡುವ ದಿನ ಓತಾ ನನ್ನ ಬಟ್ಟಲನ್ನು ಅಂಚಿನವರೆಗೆ ತುಂಬಿದರು. ಒಂದು ಹನಿ ಚೆಲ್ಲದಂತೆ ಎರಡೂ ಕೈಯಲ್ಲಿ ಎತ್ತಿ ಕುಡಿದೆ.

ಮತ್ತೆ ಕುಷ್ಟಗಿ

ಮಾರ್ಚ್ ಬರುವ ಹೊತ್ತಿಗೆ ನಮ್ಮಲ್ಲಿ ನೆಲ ಕಾಯಲು ಸುರುವಾಗಿತ್ತು. ಅಷ್ಟರಲ್ಲಿ ನಾನು ನಮ್ಮ ತಾಯಿಗಿಡಗಳ ಸಾಲುಗಳಿಗೆಲ್ಲ ಚಕ್ಕೆ ನೆಡಿಸಿದ್ದೆ. ಯಾವುದು ಎಲ್ಲಿಂದ ಬಂದದ್ದು, ಅಲ್ಲಿ ಮಣ್ಣು ಯಾವುದು, ನೀರು ಎಷ್ಟು. ಅರ್ಧಕ್ಕೆ ಅರ್ಧ ಚಕ್ಕೆಗಳ ಮೇಲೆ 'ಗೊತ್ತಿಲ್ಲ' ಎಂದು ಬರೆಯಬೇಕಾಯಿತು. ಅಬ್ಬಾ ಅವನ್ನು ಓದುತ್ತಾ ಹೋಗಿ, ಗಿರಾಕಿಗಳ ಕಣ್ಣಿಗೆ ಬೀಳದ ಹಾಗೆ ಇಡು ಎಂದರು. ತೆಗೆ ಎನ್ನಲಿಲ್ಲ.

ದಿಲ್ಬಾರ್ ಕಳಿಸಿದ ವಿಡಿಯೊದಲ್ಲಿ ಓತಾ ಬರಿಗೈಯಿಂದ ಮಣ್ಣು ಸರಿಸುತ್ತಿದ್ದರು. ಬಾಗಿಲ ಕಡೆಯ ಗಿಡಗಳ ಟೊಂಗೆ ಈ ಸಲವೂ ಕಪ್ಪು. ಬುಡದಲ್ಲಿ ಜೀವ ಇತ್ತು, ಅಷ್ಟೇ. ನಡುವೆ ಒಂದೊಂದು ಟೊಂಗೆ ಉಳಿದಿತ್ತು. ಸಾಲಿನ ಕೊನೆಗೆ ಬಂದಾಗ ಓತಾ ಉಗುರಿನಿಂದ ಟೊಂಗೆಯ ಸಿಪ್ಪೆ ಕೆರೆದು ಕ್ಯಾಮೆರಾಕ್ಕೆ ಹಿಡಿದರು. ಒಳಗೆ ಹಸಿರು. ಪಕ್ಕದ್ದು, ಹಸಿರು. ಹನ್ನೊಂದೂ ಕೆರೆದು ತೋರಿಸಿದರು. ಆಮೇಲೆ ತಮ್ಮ ಹಲ್ಲಿಲ್ಲದ ಬಾಯಿಯ ಕಡೆ ಬೆರಳು ತೋರಿಸಿ ಏನೋ ಅಂದರು. ಹಣ್ಣಿಗೆ ಇನ್ನೂ ಎರಡು ವರ್ಷ, ಅಲ್ಲಿಯವರೆಗೆ ತಾನು ಇರಬೇಕಲ್ಲ ಎಂದರಂತೆ. ಸಾಲು ಕೀಳುವ ಮಾತು ಎತ್ತಲಿಲ್ಲವಂತೆ.

ವಾರದ ಬಳಿಕ ಇನ್ನೊಂದು ಚಿತ್ರ ಬಂತು. ಬಾಗಿಲ ಬಳಿಯ ಪಾತಿ. ಆ ಹನ್ನೊಂದರಿಂದ ಕಡ್ಡಿ ಕತ್ತರಿಸಿ ಓತಾ ಹೊಸ ಸಾಲು ನೆಟ್ಟಿದ್ದರು. ಸಾಲಿನ ತಲೆಗೆ ಹೊಸ ಚಕ್ಕೆ. ಅದರ ಮೇಲೆ ಬರೆದದ್ದನ್ನು ದಿಲ್ಬಾರ್ ಓದಿ ಹೇಳಿದ್ದಳು: ತಾಯಿ ನಿಂತ ಜಾಗ, ನಮ್ಮ ತೋಟ, ಒಣ ತುದಿ.

ಗೂಟಿ ಕಟ್ಟುತ್ತಿದ್ದ ಹನುಮಕ್ಕನಿಗೆ ಅದನ್ನು ತೋರಿಸಿದೆ. ಅವಳು ಕೈ ಒರೆಸಿಕೊಂಡು ಫೋನು ಹಿಡಿದು, ಓದಲು ಬಾರದ ಅಕ್ಷರಗಳನ್ನು ದೂರ ಹತ್ತಿರ ಮಾಡಿ ನೋಡಿದಳು. ನಾನು ಅರ್ಥ ಹೇಳಿದೆ.

"ಕುಷ್ಟಗಿ ಹೆಸರ ಇಲ್ಲ ಹಂಗಾರ."

"ಇಲ್ಲ."

ಫೋನು ವಾಪಸು ಕೊಟ್ಟು, ಪಾಚಿ ಹಿಂಡಿ ಟೊಂಗೆಗೆ ಸುತ್ತಿದಳು. ದಾರ ಬಿಗಿದು ಗಂಟು ಹಾಕಿದಳು.

"ಇಲ್ಲದ್ದಽ ಛಲೋ ಆತು ಬಿಡು. ಇದ್ದಿದ್ರ ನೀ ಮತ್ತೊಂದು ಹಾಳಿ ಬರದು ಕಳಸತಿದ್ದಿ."